ಬರುವ ಮೊದಲೇ ಬಂದೆ ಎಂದದ್ದು

ಮಗಳು ಮದುವೆಯಾದದ್ದು ಪುಣೆಯ ಹುಡುಗನನ್ನು. ಅವನ ತಾಯಿಗೆ ನಮ್ಮ ಮನೆಯ ಕನ್ನಡವೂ ತಿಳಿಯದು, ದಿಂಡಿಗಲ್ ಕಡೆಯ ನಮ್ಮ ಗೂಡಲೂರು ಪೇಟೆಯ ತಮಿಳೂ ತಿಳಿಯದು; ನನಗೆ ಅವರ ಮರಾಠಿ ಬಾರದು. ನಡುವೆ ಉಳಿದದ್ದು ಇಂಗ್ಲಿಷ್ ಒಂದೇ. ಅದರಲ್ಲೂ ನನ್ನ ಇಂಗ್ಲಿಷು, ಅಯ್ಯೋ, ಬಿಡಿ.

ಮಗಳು ಬಸುರಿಯಾದಾಗ ಆ ಬೀಗಿತ್ತಿ ನಮ್ಮ ಮನೆ ನೋಡಲು ಬರುತ್ತೇನೆಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆನ್ನುವುದು ನಮ್ಮ ಪದ್ಧತಿ. ಸೊಸೆಯನ್ನು ಕಳಿಸುವುದೋ ಬೇಡವೋ ಎಂದು ಅವರು ನೋಡಿ ಹೇಳುವವರು. ನಾನಾದರೋ ಆಗಲೇ ಒಳಕೋಣೆಗೆ ಸುಣ್ಣ ಬಳಿಸಿ, ತೊಟ್ಟಿಲಿಗೆಂದು ಹಳೆ ಸೀರೆ ಒಗೆದಿಟ್ಟುಬಿಟ್ಟಿದ್ದೆ.

ಮಗಳು ಫೋನಿನಲ್ಲಿ ಪಾಠ ಶುರುಮಾಡಿದಳು. ಕಾಯುವುದಕ್ಕೆ, ಕಾಯಿಸುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಮಾತಿದೆಯಪ್ಪಾ! 'ಹ್ಯಾಂಗ್ ಆನ್' ಅಂದರೆ ಸ್ವಲ್ಪ ತಾಳಿ ಎಂದಂತೆ. ಹ್ಯಾಂಗ್ ಎಂದರೆ ನೇತುಹಾಕುವುದು ಎಂದಷ್ಟೇ ನನಗೆ ಗೊತ್ತಿತ್ತು.

"ಯಾರ್ನ ನೇತಾಕದು?" ಎಂದೆ.

"ಅಮ್ಮಾ, ಸುಮ್ನೆ ಹೇಳು."

'ಇನ್ ನೋ ಟೈಮ್' ಅಂದರೆ ಚಿಟಿಕೆ ಹೊಡೆಯುವಷ್ಟರಲ್ಲಿ. ಟೈಮೇ ಇಲ್ಲ ಎಂದ ಮೇಲೆ ಬರುವುದು ಹೇಗೆ ಎಂದು ವಾದ ಹೂಡಿದೆ. ಆದರೂ ಉರು ಹೊಡೆದೆ. 'ಐಯಾಮ್ ಕಮಿಂಗ್' ಎಂಬ ಸಾದಾ ಮಾತು ಮಾತ್ರ ಪಾಠದಲ್ಲಿ ಬರಲಿಲ್ಲ. ಅದು ನನಗೆ ಗೊತ್ತಿದೆಯೆಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ.

ದಿಂಡಿಗಲ್‌ನಲ್ಲಿ ರೈಲಿಳಿದು ಬಸ್ಸು ಹತ್ತಿದ ಬೀಗಿತ್ತಿ ನಾನೆಣಿಸಿದ್ದಕ್ಕಿಂತ ಬೇಗ ಗೂಡಲೂರು ತಲುಪಿಬಿಟ್ಟರು. ಅವರ ಫೋನ್ ಬಂದಾಗ ನಾನಿನ್ನೂ ನಮ್ಮ ಹಳ್ಳಿಯ ಮನೆ ಮುಂದೆ ಆಟೋಗೆ ಕಾಯುತ್ತಿದ್ದೆ. ಬಂದುಬಿಟ್ಟೆ ಅಕ್ಕಾ, ಎಂದು ಆಟೋದವನು ಸ್ವಲ್ಪ ಮುಂಚೆ ಫೋನಿನಲ್ಲಿ ತಮಿಳಲ್ಲಿ ಹೇಳಿದಾಗ ಟೀ ಅಂಗಡಿಯ ಗ್ಲಾಸಿನ ಸದ್ದು ನನಗೇ ಕೇಳಿಸಿತ್ತು. ಕೋಪವೇನೂ ಬಂದಿರಲಿಲ್ಲ, ನಮ್ಮಲ್ಲಿ ಎಲ್ಲರೂ ಹೇಳುವುದೇ ಹಾಗೆ.

"ವೇರ್ ಆರ್ ಯೂ?" ಎಂದರು ಬೀಗಿತ್ತಿ.

ಕಲಿತದ್ದೊಂದೂ ಬಾಯಿಗೆ ಬರಲಿಲ್ಲ. ಬಂದೆ ಬಂದೆ ಎಂದು ಮನಸ್ಸು ಹೇಳಿತು, ನಾಲಿಗೆ ಅದನ್ನೇ ಇಂಗ್ಲಿಷ್ ಮಾಡಿತು: "ಐ ಕೇಮ್, ಐ ಕೇಮ್!"

ನಾನು ಬಸ್ ಸ್ಟ್ಯಾಂಡಿನಲ್ಲೇ ಎಲ್ಲೋ ಇದ್ದೇನೆಂದುಕೊಂಡು ಆ ತಾಯಿ ನೋಯುವ ಮಂಡಿ ಎಳೆದುಕೊಂಡು ಹೂವಿನಂಗಡಿ, ಹಣ್ಣಿನಂಗಡಿ, ಕಕ್ಕಸಿನ ಬಾಗಿಲವರೆಗೂ ಹುಡುಕಿದರಂತೆ. ನಾನು ಆಟೋ ಇಳಿದಾಗ ಪೆಟ್ಟಿಗೆಯ ಮೇಲೆ ಕೂತಿದ್ದರು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಯೂ ಸೆಡ್ ಯೂ ಕೇಮ್," ಎಂದರು, ಮೆಲ್ಲಗೆ.

ನಮ್ಮ ಮಾತಿನಲ್ಲಿ ಹೊರಟವಳೂ ಬಂದವಳೇ ಎಂದು ವಿವರಿಸಬೇಕಿತ್ತು. ಅದಕ್ಕೆ ಇಂಗ್ಲಿಷ್ ಎಲ್ಲಿಂದ ತರಲಿ? ಸುಮ್ಮನೆ ಹಲ್ಲು ಕಿರಿದೆ. ಆ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಊಟಕ್ಕೆ ಕೂತಾಗ ಅವರೇ ಕೇಳಿದರು: ನೋವು ಶುರುವಾದರೆ ಇಲ್ಲಿಂದ ಆಸ್ಪತ್ರೆಗೆ ಎಷ್ಟು ಹೊತ್ತು? ಪ್ರಶ್ನೆ ಪೂರ್ತಿ ಅರ್ಥವಾಯಿತಲ್ಲ ಎಂಬ ಖುಷಿ ನನಗೆ. ಕಲಿತದ್ದನ್ನು ತೋರಿಸಲು ಇದೇ ಸಮಯವೆಂದು ಜೋರಾಗಿಯೇ ಅಂದೆ: "ಇನ್ ನೋ ಟೈಮ್!"

ಅವರು ನನ್ನ ಮುಖವನ್ನೇ ನೋಡಿದರು. ಒಳಕೋಣೆ ತೋರಿಸಿದೆ, ಚೆನ್ನಾಗಿದೆ ಎಂದರು. ಆಸ್ಪತ್ರೆಯ ಮಾತು ಮತ್ತೆ ಎತ್ತಲಿಲ್ಲ.

ಅವರು ಪುಣೆ ಸೇರಿದ ಮೇಲೆ ಮಗಳು ಫೋನ್ ಮಾಡಿದಳು. ಹೆರಿಗೆ ಅಲ್ಲೇ ಎಂದು ತೀರ್ಮಾನವಾಗಿತ್ತು.

"ನಿಮ್ಮಮ್ಮನ ಮಾತ್ನ ನಂಬಿ ಹೆಂಗೆ ಕಳ್ಸಾದು ಅಂತಾರೆ ಅತ್ತೆ. ಬರ್ದೇನೇ ಬಂದೆ ಅಂತ ಯಾಕಮ್ಮಾ ಸುಳ್ಳು ಹೇಳ್ದೆ?"

ಬೇರೆ ಯಾರಾದರೂ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಕೇಳಿದವಳು ಇವಳು. ಬೀದಿಯಲ್ಲಿ ಆಡುತ್ತಿದ್ದಾಗ ಕೂಗಿದರೆ "ಬಂದೆ" ಎಂದು, ಕತ್ತಲಾಗುವವರೆಗೂ ಮನೆ ಸೇರದವಳು. ಒಂದು ದಿನವೂ ನಾನು ಅದನ್ನು ಸುಳ್ಳು ಎಂದವಳಲ್ಲ. ಇದನ್ನೆಲ್ಲ ಅವಳಿಗೆ ನಮ್ಮ ಮಾತಿನಲ್ಲೇ ಹೇಳಬಹುದಿತ್ತು.

"ಸಾರಿ," ಎಂದೆ, ಹೆತ್ತ ಮಗಳಿಗೆ.