ಗಡಿ ನಾಕೆಯಲ್ಲಿ ಐದು ಹಿಡಿ ಅಕ್ಕಿ

1961ರ ಡಿಸೆಂಬರ್ 19ರಂದು ಗೋವಾದಲ್ಲಿ ಪೋರ್ತುಗೀಜರ ಆಡಳಿತ ಕೊನೆಗೊಂಡಿತು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಹಗಲು ಪಾಳಿಯಲ್ಲಿದ್ದ ನನಗೆ ಸುದ್ದಿ ಹೇಳಿದವನು ಬಿದಿರು ತಂದ ಲಾರಿಯ ಚಾಲಕ. ಮನೆಗೆ ಹೋಗಿ ಅಕ್ಕನಿಗೆ ತಿಳಿಸಿದೆ. ಅವಳು ಕೇಳಿದ್ದು ಗಡಿಯ ತಪಾಸಣಾ ಕಟ್ಟೆಯ ಮಾತೊಂದೇ: "ನಾಕೆ ತಗದಾರೇನು?"

ಅಕ್ಕನನ್ನು ಕೊಟ್ಟದ್ದು ಗಡಿಯಾಚೆ ಗೋವಾದ ಊರಿಗೆ. ಬಾವನದು ಅಕ್ಕಿ ಅಂಗಡಿ. ಆಗ ಹಳಿಯಾಳದ ಅಕ್ಕಿ ಗಾಡಿಗಳಲ್ಲಿ ಜೋಯಿಡಾದ ಕಾಡು ದಾಟಿ ಆಚೆ ಹೋಗುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಈಚೆ ಬರುತ್ತಿದ್ದವು. ಎರಡು ಸರಕಾರಗಳ ಹಗೆ ಬೆಳೆದಂತೆ ಮೊದಲು ಸುಂಕ ಏರಿತು, ಆಮೇಲೆ ಸರಕು ಸಾಗಿಸುವುದೇ ನಿಷೇಧವಾಯಿತು. ಆಚೆ ಪರದೇಶದ ಅಕ್ಕಿ ಹಡಗಿನಲ್ಲಿ ಬಂದು ದೊಡ್ಡ ವ್ಯಾಪಾರಿಗಳ ಕೈ ಸೇರಿತು. ಬಾವನ ಅಂಗಡಿ ಮುಚ್ಚಿತು. ಈಚೆ ಗಾಡಿ ಹೊಡೆಯುತ್ತಿದ್ದವರು ಕಾರ್ಖಾನೆಗೆ ಬಿದಿರು ಕಡಿಯಲು ಹೋದರು.

1960ರಲ್ಲಿ ಅಕ್ಕ ಹೆರಿಗೆಗೆ ಬಂದಳು, ಹೆಣ್ಣು ಹುಟ್ಟಿತು. ಕೂಸಿಗೆ ಐದು ತಿಂಗಳಾದಾಗ ಬಾವ ಹೇಳಿಕಳಿಸಿದರು: ಕೆಲಸಕ್ಕೆ ಮೊಜಾಂಬಿಕ್‌ಗೆ ಹೊರಟಿದ್ದೇನೆ, ಹಡಗು ಹೊರಡುವ ಮೊದಲು ಮಗಳ ಮುಖ ತೋರಿಸು. ಗಡಿ ದಾಟಲು ಅಕ್ಕನಿಗಿದ್ದ ಪರವಾನಗಿ ಚೀಟಿಗೆ ಎರಡೇ ದಿನ ಉಳಿದಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು. ಅವ್ವ ಮಗಳ ಉಡಿ ತುಂಬಿ, ನನ್ನೊಡನೆ ಗಡಿಯವರೆಗೆ ಬಂದಳು.

ನಾಕೆಯ ಜಮಾದಾರ ಅಕ್ಕನ ಸೆರಗಿನ ಗಂಟು ನೋಡಿದ. "ಏನೈತ್ರಿ ಅದರಾಗ?"

"ತವರ ಉಡಿ ರೀ. ಐದು ಹಿಡಿ ಅಕ್ಕಿ, ಒಂದು ಕಾಯಿ," ಎಂದಳು ಅವ್ವ.

"ಅಕ್ಕಿ ದಾಟಸೂಹಂಗಿಲ್ರಿ ಅವ್ವಾರ. ಇಲ್ಲೇ ಸುರುವಿ ಹೋಗ್ಲಿ."

"ಈ ಐದು ಹಿಡಿ ತಿಂದು ಆ ಸರಕಾರ ಇನ್ನೂ ಐದು ವರ್ಷ ಬದುಕತೈತೇನೋ ಯಪ್ಪಾ?"

ಸಾಲಿನಲ್ಲಿದ್ದವರು ನಕ್ಕರು. ಜಮಾದಾರನೂ ನಕ್ಕ, ಆದರೆ ಅಡ್ಡಗಂಬ ಎತ್ತಲಿಲ್ಲ. "ನನ್ನ ನೌಕರಿ ಹೊಕ್ಕೈತ್ರಿ," ಎಂದ.

ಉಡಿಯನ್ನು ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಸುರುವಿದರೆ ತವರು ತೀರಿದಂತೆ ಎಂಬುದು ನಮ್ಮ ಕಡೆಯ ನಂಬಿಕೆ. "ನನ್ನ ಧೋತರದಾಗ ಹಾಕ್ ಅಕ್ಕಾ, ನಾ ಮನಿಗೆ ಒಯ್ತೇನಿ," ಎಂದೆ.

"ಕೊಟ್ಟಿದ್ದನ್ನ ತಿರುಗಿ ಇಸ್ಕೊಂಡ್ರ ಕೊಟ್ಟಂಗಾತೇನು?" ಎನ್ನುತ್ತ ಅಕ್ಕ ಅವ್ವನ ಮುಖ ನೋಡಿದಳು. "ಅಪ್ಪ ಹಂಗ ಮಲಗಿದಾಗ ನಾ ಇದನ್ನ ಸುರುವಾಂಗಿಲ್ಲ. ತಮ್ಮಾ, ನಡಿ, ಹಿಂದಕ್ಕ ಹೋಗೂಣು."

ಚೀಟಿಯ ಅವಧಿ ಮುಗಿಯಿತು. ಹೊಸದಕ್ಕೆ ನಾನು ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಹಡಗು ಹೋಯಿತು. ಆ ವರ್ಷದ ಮಳೆಗಾಲ ಕಳೆದ ಮೇಲೆ ಅಪ್ಪ ತೀರಿಕೊಂಡರು.

ನಾಕೆ ತೆಗೆದ ಮೇಲೆ ಅಕ್ಕನನ್ನೂ ಮಗುವನ್ನೂ ಅದೇ ಉಡಿಯೊಂದಿಗೆ ಕರೆದೊಯ್ದೆ. ಅವಳ ಅತ್ತೆ ದೇವರ ಮುಂದೆ ಬಿಚ್ಚಿದಾಗ ಅಕ್ಕಿಗೆ ನುಸಿ ಹಿಡಿದಿತ್ತು. ಇನ್ನೂ ಪೋರ್ತುಗೀಜರ ಕೈಯಲ್ಲೇ ಇದ್ದ ಮೊಜಾಂಬಿಕ್‌ನಿಂದ ಬಾವನ ಕಾಗದ ಆ ಮನೆಗೆ ಕೊನೆಯದಾಗಿ ಬಂದದ್ದು 1961ರ ನವೆಂಬರಿನಲ್ಲಿ. ಆಮೇಲೆ ಬಂದಿಲ್ಲ.