ಮೊಲದ ಕೋಣೆ

ನಮ್ಮ ಮನೆತನದಲ್ಲಿ ಬಿ.ಎ. ಆದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಐದನೆಯ ಇಯತ್ತೆಯಲ್ಲಿಯೇ ನನ್ನ ಓದು ಒಂದು ಮೊಲದಿಂದ ನಿಂತುಹೋಗುವುದರಲ್ಲಿತ್ತು.

ಧಾರವಾಡದ ನಮ್ಮ ಶಾಲೆಗೆ ಆಗ ಹೊಸ ಕಲ್ಲಿನ ಕಟ್ಟಡವಾಗಿತ್ತು. ಊರಿಗೆ ಶೋಭೆ ಇರಲಿ ಎಂದು ಪ್ರತಿ ಕೋಣೆಯ ಬಾಗಿಲ ಮೇಲೆ ಒಂದೊಂದು ಪ್ರಾಣಿಯನ್ನು ಕೆತ್ತಿಸಿದ್ದರು. ನಾಲ್ಕನೆಯ ಇಯತ್ತೆಗೆ ಆನೆ, ಐದಕ್ಕೆ ಮೊಲ, ಏಳಕ್ಕೆ ಸಿಂಹ. ಸಿಂಹದ ಬಾಯಿ ಸ್ವಲ್ಪ ನಕ್ಕಂತಿತ್ತು. ಅದಕ್ಕೆ ಯಾರೂ ತಕರಾರು ಮಾಡಿರಲಿಲ್ಲ.

ಅಪ್ಪ ಗರಗದ ನೇಕಾರ; ನಾನು ಧಾರವಾಡದಲ್ಲಿ ಉಳಿದು ಓದುತ್ತಿದ್ದೆ. ಅಪ್ಪನಿಗೆ ಅಕ್ಷರ ಬಾರದು. ಗಿರಣಿ ನೂಲಿನ ಕಟ್ಟಿಗೆ ಅಂಟಿಸಿದ ಚಿತ್ರ ನೋಡಿಯೇ ನೂಲು ಕೊಳ್ಳುತ್ತಿದ್ದ. ಆನೆ ಚಿತ್ರದ್ದು ಗಟ್ಟಿ ನೂಲು, ಮೊಲದ್ದು ಕಡೇ ಮಾಲು.

ನಾನು ಪಾಸಾಗಿ ಐದಕ್ಕೆ ಹೋದ ಹೊಸತರಲ್ಲಿ ಅಪ್ಪ ಸಂತೆಗೆಂದು ಬಂದವನು ಶಾಲೆಗೂ ಬಂದ. ಬಾಗಿಲ ಮೇಲೆ ನೋಡಿದ.

"ಪಾಸಾಗೇನಿ ಅಂದಿ. ಆನಿ ಬಿಟ್ಟು ಮೊಲಕ್ಕ ಇಳಿದೀಯಲ್ಲೋ!"

"ಅಪ್ಪಾ, ಅದು ಬರೇ ಚಿತ್ರ."

"ನೂಲಿನ ಕಟ್ಟಿನ ಮ್ಯಾಲಿಂದೂ ಬರೇ ಚಿತ್ರಾನ. ಮೊಲದ ನೂಲು ಮಗ್ಗಕ್ಕ ಹಾಕಿ ನೋಡು, ಹೆಂಗ ಹರಿತೈತಿ. ಅರಿವಿ ಗಂಟು ಕಟ್ಟು, ನಡಿ ಊರಿಗೆ. ಮಗ್ಗಕ್ಕ ಮಂದಿ ಬೇಕಾಗ್ಯಾರ."

ನನ್ನ ಅಳು ಕೇಳಿ ಹೆಡ್ಮಾಸ್ತರರು ಹೊರಗೆ ಬಂದರು. ಸಂಗತಿ ತಿಳಿದು ಗಂಭೀರವಾಗಿಯೇ ಹೇಳಿದರು, "ಯಜಮಾನ್ರ, ಆ ಬಾಗಲಕ್ಕ ಸಣ್ಣ ಕಲ್ಲು ಉಳದಿತ್ರಿ. ಅದರಾಗ ಮೊಲಾನ ಹಿಡೀತು. ಅಷ್ಟ."

"ಸಣ್ಣ ಕಲ್ಲು ಹಚ್ಚೀರಿ ಅಂದ್ರ ಆ ಖೋಲಿ ಕಿಮ್ಮತ್ತು ಅಷ್ಟ ಅಂತಾತಲ್ರಿ, ಮಾಸ್ತರ."

ಹೆಡ್ಮಾಸ್ತರರು ಗಣಿತದಲ್ಲಿ ದೊಡ್ಡ ಹೆಸರು ಪಡೆದವರು. ಈ ಲೆಕ್ಕವನ್ನು ಮಾತ್ರ ಅಲ್ಲಿಗೇ ಬಿಟ್ಟರು. ತಲೆಯ ರುಮಾಲು ಸರಿಮಾಡಿಕೊಂಡು ಅಂಗಡಿಕಾರನಂತೆ ಕೇಳಿದರು, "ನಿಮಗ ಯಾವುದು ಬೇಕ್ರಿ?"

ಅಪ್ಪ ಅವಸರ ಮಾಡಲಿಲ್ಲ. ಪಡಸಾಲೆಯುದ್ದಕ್ಕೂ ನಡೆದು, ಒಂದೊಂದೇ ಬಾಗಿಲ ಕೆಳಗೆ ನಿಂತು ನೋಡಿದ. ಕೊನೆಗೆ ಸಿಂಹದ ಮುಂದೆ ನಿಂತ. "ಇದು ಛಲೋ ಐತ್ರಿ."

"ಅಲ್ಲಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂಡೋ ಹುಡುಗರು ಇದ್ದಾರ್ರಿ."

"ಹಂಗಾದ್ರ ಇವನ್ನ ಕರಕೊಂಡು ಹೋಗ್ತೇನ್ರಿ."

ಹೆಡ್ಮಾಸ್ತರರು ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ ಸಿಪಾಯಿಯನ್ನು ಕರೆದು, ಏಳನೆಯ ಮತ್ತು ಐದನೆಯ ಇಯತ್ತೆಗಳು ಕೋಣೆ ಅದಲುಬದಲು ಮಾಡಿಕೊಳ್ಳಬೇಕು ಎಂದರು. ಕಾರಣ ಹೇಳಲಿಲ್ಲ.

ಮೀಸೆ ಮೂಡಿದ ದೊಡ್ಡ ಹುಡುಗರು ಹಲಗೆ, ಪುಸ್ತಕ ಎತ್ತಿಕೊಂಡು ಮೊಲದ ಕೆಳಗೆ ಹೊರಟರು. ಅವರಲ್ಲೊಬ್ಬ ನನಗೆ ಬಗ್ಗಿ ನಮಸ್ಕರಿಸಿ, "ಬರ್ರಿ ಸಿಂಹದ ಸಾಹೇಬ್ರ. ನಾವು ಗಜ್ಜರಿ ತಿಂದು ಓದತೇವಿ," ಎಂದ. ವರ್ಷವಿಡೀ ಆ ಹೆಸರು ನನ್ನನ್ನು ಬಿಡಲಿಲ್ಲ. ಸಿಂಹದ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತಿತ್ತು, ಮೊಲದ್ದು ತಂಪಾಗಿತ್ತು ಎಂಬುದೂ ಅಂದೇ ತಿಳಿಯಿತು.

ನಾನು ಒಳಗೆ ಹೋಗಿ ಕೂತೆ. ಅಪ್ಪ ಕಿಟಕಿಯಿಂದ ನೋಡಿದ. ಏನು ಕಲಿಸುತ್ತಾರೆ ಎಂದು ಕೇಳಲಿಲ್ಲ.

"ಈಗ ನಡೀತದ್ರಿ, ಮಾಸ್ತರ," ಎಂದು, ಮಾರಲು ತಂದಿದ್ದ ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ಸಂತೆಗೆ ಹೋದ.