ಫೋನಿನೊಳಗೆ ಉಳಿದ ದನಿ

ನಂದಿನಿಗೆ ಬುದ್ಧಿ ಹೇಳಲು ಬರುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. "ಒಂದ ಕಾಪಿ ಇಟ್ಕೋಬೇಕಿತ್ತ" ಅಂತಾರೆ, ದೊಡ್ಡ ಶಾಣ್ಯಾರ ಹಾಗೆ. ಮೂಡಲಗಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾವಿಬ್ಬರೂ ಕಲಿಸುತ್ತೇವೆ. ಅವಳು ಹೇಗೆ ಒದ್ದಾಡಿದಳೆಂದು ಬಾಜೂ ಕೂತು ನೋಡಿದವಳು ನಾನು.

ಅವಳ ಅಪ್ಪ ಹೊಳೆಪ್ಪ ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ದುಡಿದವರು. ಯಂತ್ರಗಳ ಗದ್ದಲದಲ್ಲಿ ಕೂಗಿ ಮಾತಾಡಿ ರೂಢಿಯಾಗಿ ಮನೆಯಲ್ಲೂ ಅವರದು ಜೋರು ದನಿ. ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರು ಡಾಕ್ಟರು. ಓದು ಬರಹ ಬಾರದ ಮನುಷ್ಯ, ಬರೆದು ತೋರಿಸುವಂತೆಯೂ ಇರಲಿಲ್ಲ.

ನಂದಿನಿ ತರಾತುರಿಯಲ್ಲಿ ಒಂದು ಆ್ಯಪ್ ಮಾಡಿದಳು. ಪರದೆಯ ತುಂಬ ಚಿತ್ರಗಳು. ಒಂದೊಂದನ್ನೇ ಒತ್ತಿ ಹಿಡಿದು ಅಪ್ಪ ತಮ್ಮ ದನಿ ತುಂಬಿದರು. ಆಪರೇಶನ್ ಆದ ಮೇಲೆ ಚಿತ್ರ ಮುಟ್ಟಿದರೆ ಸಾಕು, "ನೀರ ಕೊಡ", "ಬೆನ್ನ ನೋಯಾಕತ್ತೈತಿ" ಎಂದು ಅವರದೇ ದನಿ. ನಮ್ಮ ಕಡೆ ಹಳಬರು ಹೆಂಡತಿಯ ಹೆಸರು ಹಿಡಿಯುವುದಿಲ್ಲ. ನಂದಿನಿಯ ಅವ್ವ ಕಾಡವ್ವನ ಚಿತ್ರ ಮುಟ್ಟಿದರೆ "ಏ ಇಕೀನ, ಎಲ್ಲಿ ಅದಿ?" ಎಂದು ಫೋನು ಕೂಗುತ್ತಿತ್ತು. ಕಾಡವ್ವ ಹಿತ್ತಲಿಂದಲೇ "ಬಂದ್ನಿರಿ" ಎನ್ನುತ್ತಿದ್ದಳು. ಗಂಟಲು ಹೋದರೂ ಗಂಡ ಹೆಂಡಿರ ಮಾತು ನಿಂತಿರಲಿಲ್ಲ.

ಈ ವರ್ಷ ಫೋನು ತಾನೇ ಅಪ್‌ಡೇಟ್ ಆಯಿತು. ಅಂದಿನಿಂದ ಆ್ಯಪ್ ತೆರೆಯುತ್ತಲೇ ಮುಚ್ಚಿಕೊಳ್ಳತೊಡಗಿತು. ನಂದಿನಿ ತಪ್ಪು ಹುಡುಕಿ, ತಿದ್ದಿ, ಹೊಸದು ಮಾಡಿದಳು. ಫೋನು ಒಲ್ಲೆ ಎಂದಿತು. ಪ್ರತಿ ಆ್ಯಪ್‌ಗೂ ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಅದೇ ಸಹಿ ಇದ್ದರಷ್ಟೇ ಹೊಸದು ಹಳೆಯದರ ಮೇಲೆ ಕೂರುತ್ತದೆ. ಹಳೆಯದನ್ನು ತೆಗೆದುಹಾಕಿದರೆ ಒಳಗಿನ ದನಿಯೂ ಹೋಗುತ್ತದೆ. ಆ ಸಹಿಯ ಕೀಲಿ ಇದ್ದದ್ದು ಕ್ಲಾಸಿನ ಕಂಪ್ಯೂಟರಿನಲ್ಲಿ. ವೈರಸ್ ಬಂತೆಂದು ಅದನ್ನು ಯಾವಾಗಲೋ ಫಾರ್ಮ್ಯಾಟ್ ಮಾಡಿಯಾಗಿತ್ತು.

ಆಸೆ ಬಿಡದೆ ಅವಳು ಹಳೆಯ ಆ್ಯಪ್‌ನ ಸಹಿಯನ್ನು ತೆರೆದು ನೋಡಿದಳು. 'ಆಂಡ್ರಾಯ್ಡ್ ಡೀಬಗ್' ಎಂದಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಮಾಲಾ, ಡೀಬಗ್ ಐತಿ ನೋಡ. ಕೇಬಲ್ ಹಚ್ಚಿ ಒಳಗಿಂದೆಲ್ಲಾ ತಗೀಬಹುದು."

ನಿಜವೇ. ಆ್ಯಪನ್ನು ನಾವೇ ಪರೀಕ್ಷಿಸಲೆಂದು ಮಾಡುವ ಪ್ರತಿ, ಅಂದರೆ ಡೀಬಗ್ ಬಿಲ್ಡ್, ಒಳಗಿನದನ್ನು ನಮಗೆ ಬಿಟ್ಟುಕೊಡುತ್ತದೆ. ಜನರ ಕೈಗೆ ಕೊಡುವ ರಿಲೀಸ್ ಬಿಲ್ಡ್ ಹಾಗೆ ಬಿಟ್ಟುಕೊಡುವುದಿಲ್ಲ. ಕೇಬಲ್ ಹಚ್ಚಿದಳು. ಇದು ಡೀಬಗ್ ಬಿಲ್ಡ್ ಅಲ್ಲ ಎಂದು ಬಂತು.

ಆಪರೇಶನ್ನಿನ ಗಡಿಬಿಡಿಯಲ್ಲಿ, ಅಪ್ಪನ ಫೋನಿನಲ್ಲಿ ಬೇಗ ಓಡಲೆಂದು ಅವಳು ಮಾಡಿದ್ದು ರಿಲೀಸ್ ಬಿಲ್ಡ್. ಸ್ವಂತ ಕೀಲಿ ಮಾಡಿಕೊಳ್ಳಲು ಪುರಸೊತ್ತಿಲ್ಲದೆ, ಕಂಪ್ಯೂಟರ್ ತಾನಾಗಿ ಕೊಟ್ಟ ಡೀಬಗ್ ಕೀಲಿಯಿಂದಲೇ ಸಹಿ ಹಾಕಿದ್ದಳು. ಸಹಿ ನೋಡಿ ನಾವಿಬ್ಬರೂ ಮೋಸ ಹೋಗಿದ್ದೆವು. ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಸಿದ್ರಾಮನನ್ನೂ ಕೇಳಿದ್ದಾಯಿತು. "ಒಳಗ ಹೋಗಾಕ ಫೋನಿನ ಲಾಕ್ ಒಡದ್ರ ಅದರಾಗಿಂದೆಲ್ಲಾ ಅಳಸಿ ಹೋಗತೈತಿ ರೀ ಅಕ್ಕಾ" ಎಂದ.

ಕಾಡವ್ವನಿಗೆ ಇದನ್ನೆಲ್ಲ ಹೇಗೆ ತಿಳಿಸುವುದು? "ಒಳಗ ಐತಿ ಅಂತಿ, ಮತ್ತ ತಗಿಯಾಕ ಬರೂದಿಲ್ಲ ಅಂತಿ," ಎಂದಳು. "ಎಂಥಾದ್ದ ಕಲ್ತಿಯವ್ವಾ?" ನಂದಿನಿ ಗೋಡೆಯ ಕಡೆ ತಿರುಗಿ ಅತ್ತಳು.

ಕೊನೆಗೆ ಹಳೆಯದನ್ನು ಹಾಗೇ ಬಿಟ್ಟು, ಬೇರೆ ಹೆಸರಿನ ಹೊಸ ಆ್ಯಪ್ ಹಾಕಿ ಚಿತ್ರಗಳಿಗೆ ತನ್ನ ದನಿ ತುಂಬಿದಳು. ನೀರು, ಬೆನ್ನು ಎಲ್ಲ ಆಯಿತು. ಅವ್ವನ ಚಿತ್ರವನ್ನು ಬಿಟ್ಟು ಮುಂದಕ್ಕೆ ಹೋದಳು. ಹೊಳೆಪ್ಪ ಅದರ ಮೇಲೆ ಬೆರಳಿಟ್ಟು ತೋರಿಸಿದರು. ಅದೂ ಬೇಕು ಎಂದು ಸನ್ನೆ ಮಾಡಿದರು. ನಂದಿನಿ ಕಣ್ಣು ಮುಚ್ಚಿ ಹೇಳಿದಳು.

ಹೊಳೆಪ್ಪ ಚಿತ್ರ ಮುಟ್ಟಿದರು. "ಏ ಇಕೀನ, ಎಲ್ಲಿ ಅದಿ?" ಎಂದಿತು ಮಗಳ ದನಿ. ಒಳಗಿಂದ ಓಗೊಡುವವರಿಲ್ಲ. ಸ್ವಲ್ಪ ಹೊತ್ತಿಗೆ ಕಾಡವ್ವ ಬಂದು, ಗಂಡನ ಕೈಯಿಂದ ಫೋನು ತೆಗೆದು ಕೆಳಗಿಟ್ಟು, ಊಟದ ಗಂಗಾಳವನ್ನು ಅವರ ಮುಂದೆ ಸರಿಸಿದಳು.

"ಇದರಾಗ ನನ್ನ ಕರೀಬ್ಯಾಡ್ರಿ," ಎಂದಳು. "ಗಂಗಾಳ ಬಡೀರಿ, ಬರ್ತೀನಿ."